ಸಾಲ, ಭೂಮಿ, ಅಧಿಕಾರ: ಪ್ರಾಚೀನ ರೋಮಿನ ಎರಡು ಶತಮಾನಗಳ ವರ್ಗಸಂಘರ್ಷ

ಈವರೆಗೆ ಕಟ್ಟಿದ ಬಡ್ಡಿಯನ್ನು ಸಾಲದ ಅಸಲಿನಲ್ಲಿ ಕಳೆಯಬೇಕು. ಸರ್ಕಾರಿ ಭೂಮಿಯನ್ನು ಯಾರೂ ಮಿತಿ ಮೀರಿ ಹಿಡಿದಿಟ್ಟುಕೊಳ್ಳಬಾರದು. ದೇಶದ ಅತ್ಯುನ್ನತ ಅಧಿಕಾರದ ಎರಡು ಸ್ಥಾನಗಳಲ್ಲಿ ಒಂದು ನಮ್ಮವರಿಗೇ ಸಿಗಬೇಕು. ಕ್ರಿ.ಪೂ. 376ರ ಸುಮಾರಿಗೆ ರೋಮಿನ ಇಬ್ಬರು ಜನನಾಯಕರು ಈ ಮೂರು ಬೇಡಿಕೆಗಳನ್ನು ಜನಸಭೆಯ ಮುಂದಿಟ್ಟರು. ಸಾಲ ಮನ್ನಾ, ಭೂಮಿತಿ, ಮೀಸಲು ಸ್ಥಾನ ಎಂಬ ಮಾತುಗಳು ಪ್ರತಿ ಚುನಾವಣೆಯಲ್ಲೂ ನಮ್ಮ ಕಿವಿಗೆ ಬೀಳುತ್ತವೆ. ಅವುಗಳ ಸುತ್ತ ಹೋರಾಟ ಹೇಗೆ ಕಟ್ಟಿಕೊಳ್ಳುತ್ತದೆ, ಅದನ್ನು ಯಾರು ಮುನ್ನಡೆಸುತ್ತಾರೆ, ಕೊನೆಗೆ ಯಾರಿಗೆ ಎಷ್ಟು ದಕ್ಕುತ್ತದೆ ಎಂದು ಆರಂಭದಿಂದ ಅಂತ್ಯದವರೆಗೆ ನೋಡಲು ಸಿಗುವ ಅತಿ ಹಳೆಯ ಉದಾಹರಣೆಗಳಲ್ಲಿ ರೋಮಿನದೂ ಒಂದು.

ರೋಮ್ ಎಂದರೆ ನಮ್ಮಲ್ಲಿ ಬಹುಪಾಲು ಜನರಿಗೆ ನೆನಪಾಗುವುದು ಜೂಲಿಯಸ್ ಸೀಸರ್, ಚಕ್ರವರ್ತಿಗಳು, ಗ್ಲಾಡಿಯೇಟರ್‌ಗಳ ಕಾಳಗ. ಇಲ್ಲಿ ಹೇಳುತ್ತಿರುವುದು ಅದಕ್ಕಿಂತ ಮುನ್ನೂರು ನಾನೂರು ವರ್ಷ ಹಿಂದಿನ ಕಥೆ. ಆಗ ರೋಮ್ ಸಾಮ್ರಾಜ್ಯವಾಗಿರಲಿಲ್ಲ. ಟೈಬರ್ ನದಿಯ ದಂಡೆಯಲ್ಲಿದ್ದ, ನೆರೆಯ ಬುಡಕಟ್ಟುಗಳೊಂದಿಗೆ ಪ್ರತಿ ಬೇಸಿಗೆಯಲ್ಲೂ ಕಾದಾಡುತ್ತಿದ್ದ, ರೈತರೇ ಸೈನಿಕರಾಗಿದ್ದ ಒಂದು ನಗರರಾಜ್ಯವಾಗಿತ್ತು.

ಯಾರು ಮೇಲಿನವರು, ಯಾರು ಕೆಳಗಿನವರು

ರೋಮನ್ನರ ಸಂಪ್ರದಾಯದ ಪ್ರಕಾರ ಕ್ರಿ.ಪೂ. 509ರಲ್ಲಿ ಕೊನೆಯ ರಾಜ ಟಾರ್ಕ್ವಿನಿಯಸ್‌ನನ್ನು ಜನ ಓಡಿಸಿದರು. ರಾಜನ ಬದಲಿಗೆ ವರ್ಷಕ್ಕೊಮ್ಮೆ ಇಬ್ಬರು ಅಧಿಕಾರಿಗಳನ್ನು ಆರಿಸುವ ಪದ್ಧತಿ ಬಂತು. ಮುಂದೆ ಅವರಿಗೆ ಕಾನ್ಸಲ್‌ಗಳೆಂಬ ಹೆಸರು ನಿಂತಿತು. ಸೇನೆಯನ್ನು ನಡೆಸುವುದು, ನ್ಯಾಯ ತೀರ್ಮಾನ, ಸಭೆ ಕರೆಯುವುದು ಎಲ್ಲವೂ ಅವರ ಕೈಯಲ್ಲಿತ್ತು. ಒಬ್ಬ ಕಾನ್ಸಲ್ ದಾರಿಯಲ್ಲಿ ನಡೆದರೆ ಮುಂದೆ ಹನ್ನೆರಡು ಮಂದಿ ಲಿಕ್ಟರ್‌ಗಳೆಂಬ ಭಟರು ಬೆತ್ತದ ಕಟ್ಟುಗಳನ್ನು ಹೆಗಲ ಮೇಲಿಟ್ಟು ಸಾಗುತ್ತಿದ್ದರು. ಹೊಡೆಯುವ ಅಧಿಕಾರ ಯಾರ ಬಳಿ ಇದೆ ಎಂಬುದನ್ನು ಬೀದಿಯಲ್ಲಿ ಯಾರೂ ಮರೆಯುವಂತಿರಲಿಲ್ಲ.

ರಾಜ ಹೋದ, ಆದರೆ ಅವನ ಅಧಿಕಾರ ಜನರಿಗೆ ಹಂಚಿಹೋಗಲಿಲ್ಲ. ಅದು ಕೆಲವೇ ಕುಟುಂಬಗಳ ಪಾಲಾಯಿತು. ಕ್ಲಾಡಿಯಸ್, ಫೇಬಿಯಸ್, ಕಾರ್ನೇಲಿಯಸ್, ವ್ಯಾಲೇರಿಯಸ್, ಎಮಿಲಿಯಸ್ ಮೊದಲಾದ ಮನೆತನಗಳ ಈ ಗುಂಪಿಗೆ ಪೆಟ್ರೀಶಿಯನ್ನರು ಎಂದು ಹೆಸರು. ಹುಟ್ಟಿನಿಂದ ಮಾತ್ರ ಪೆಟ್ರೀಶಿಯನ್ ಆಗಬಹುದಿತ್ತು. ಮುಖ್ಯ ಪುರೋಹಿತ ಸ್ಥಾನಗಳು ಅವರವೇ. ರಾಜ್ಯದ ಕೆಲಸಕ್ಕೆ ಮುನ್ನ ಹಕ್ಕಿಶಕುನ ನೋಡಿ ದೇವರ ಸಮ್ಮತಿ ಕೇಳುವ ಹಕ್ಕು ತಮಗೆ ಮಾತ್ರ ಇದೆ ಎಂದು ಅವರು ಹೇಳುತ್ತಿದ್ದರು. ಆ ಸಮ್ಮತಿ ಇಲ್ಲದೆ ಚುನಾವಣೆಯೂ ಇಲ್ಲ, ಯುದ್ಧವೂ ಇಲ್ಲ. ಹೀಗಾಗಿ ಅಧಿಕಾರ ಕೇಳಿದವರಿಗೆ ಸಿಗುತ್ತಿದ್ದ ಉತ್ತರ ಧರ್ಮದ ಭಾಷೆಯಲ್ಲಿರುತ್ತಿತ್ತು.

ಉಳಿದ ನಾಗರಿಕರೆಲ್ಲ ಪ್ಲೆಬಿಯನ್ನರು. ಇಲ್ಲಿ ಒಂದು ವಿಷಯವನ್ನು ಗಮನದಲ್ಲಿಡಲೇಬೇಕು. ಶಾಲೆಯ ಪಾಠಗಳಲ್ಲಿ ಪೆಟ್ರೀಶಿಯನ್ ಎಂದರೆ ಶ್ರೀಮಂತ, ಪ್ಲೆಬಿಯನ್ ಎಂದರೆ ಬಡವ ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಅದು ಅರ್ಧ ಸತ್ಯ. ತುಂಡು ಭೂಮಿಯ ರೈತ, ಕುಶಲಕರ್ಮಿ, ಕೂಲಿಯವನು ಪ್ಲೆಬಿಯನ್ನರೇ. ಆದರೆ ನೂರಾರು ಎಕರೆ ಭೂಮಿ ಇದ್ದು, ಹಣಕಾಸಿನಲ್ಲಿ ಯಾವ ಪೆಟ್ರೀಶಿಯನ್‌ಗೂ ಕಡಿಮೆ ಇಲ್ಲದ, ಆದರೆ ಸರಿಯಾದ ಮನೆತನದಲ್ಲಿ ಹುಟ್ಟದ ಕುಟುಂಬಗಳೂ ಪ್ಲೆಬಿಯನ್ ಗುಂಪಿನಲ್ಲೇ ಇದ್ದವು. ಬಡ ಪ್ಲೆಬಿಯನ್‌ಗೆ ಬೇಕಿದ್ದದ್ದು ಸಾಲದಿಂದ ಬಿಡುಗಡೆ ಮತ್ತು ಉಳಲು ಭೂಮಿ. ಶ್ರೀಮಂತ ಪ್ಲೆಬಿಯನ್‌ಗೆ ಬೇಕಿದ್ದದ್ದು ಪದವಿ. ಮುಂದಿನ ಎರಡು ಶತಮಾನಗಳ ಇತಿಹಾಸವನ್ನು ಈ ಎರಡು ಆಸೆಗಳು ಕೈಹಿಡಿದು ನಡೆದ ಕಥೆಯಾಗಿ ಓದಿದರೆ ಮಾತ್ರ ಅದು ಅರ್ಥವಾಗುತ್ತದೆ.

ಮತದಾನ ಇರಲಿಲ್ಲವೇ ಎಂದು ಕೇಳಬಹುದು. ಇತ್ತು. ಆದರೆ ಕಾನ್ಸಲ್‌ಗಳನ್ನು ಆರಿಸುವ ಸಭೆಯಲ್ಲಿ ಜನರು ಆಸ್ತಿಗೆ ತಕ್ಕಂತೆ 193 ಗುಂಪುಗಳಾಗಿ ವಿಂಗಡವಾಗಿದ್ದರು, ಗುಂಪಿಗೊಂದು ಮತ. ಸಂಪ್ರದಾಯ ತಿಳಿಸುವ ಲೆಕ್ಕದಂತೆ ಕುದುರೆ ಸವಾರರಿಗೆ 18 ಗುಂಪು, ಅತಿ ಹೆಚ್ಚು ಆಸ್ತಿಯ ಮೊದಲ ವರ್ಗಕ್ಕೆ 80 ಗುಂಪು. ಇವೆರಡೇ ಸೇರಿದರೆ 98, ಅಂದರೆ ಬಹುಮತ. ಏನೂ ಇಲ್ಲದವರೆಲ್ಲ ಸೇರಿ ಒಂದೇ ಗುಂಪು. ನೂರು ಮನೆಗಳ ಊರಿನಲ್ಲಿ ಹತ್ತು ದೊಡ್ಡ ಮನೆಗಳಿಗೆ ಮನೆಗೊಂದು ಮತ, ಉಳಿದ ತೊಂಬತ್ತು ಮನೆಗಳಿಗೆಲ್ಲ ಸೇರಿ ಒಂಬತ್ತು ಮತ ಎಂದು ಇಟ್ಟುಕೊಳ್ಳಿ. ದೊಡ್ಡ ಮನೆಯವರು ಮೊದಲು ಮತ ಹಾಕುತ್ತಾರೆ, ಬಹುಮತ ಸಿಕ್ಕ ಕೂಡಲೇ ಎಣಿಕೆ ನಿಲ್ಲುತ್ತದೆ. ಬಡವನ ಸರದಿ ಬರುವ ಮೊದಲೇ ಫಲಿತಾಂಶ ತೀರ್ಮಾನವಾಗಿರುತ್ತಿತ್ತು.

ಸಾಲಗಾರನ ದೇಹವೇ ಅಡವು

ಆ ಕಾಲದ ರೈತ ಸಾಲದಲ್ಲಿ ಬಿದ್ದದ್ದು ಏಕೆ? ಯುದ್ಧಕ್ಕೆ ಹೋಗುವ ನಾಗರಿಕ ತನ್ನ ಈಟಿ, ಗುರಾಣಿಯನ್ನು ತಾನೇ ಕೊಳ್ಳಬೇಕಿತ್ತು. ಸಂಬಳವಿಲ್ಲ, ಸೈನಿಕರಿಗೆ ಸಂಬಳ ಕೊಡುವ ಪದ್ಧತಿ ಬಂದದ್ದು ಕ್ರಿ.ಪೂ. 406ರಲ್ಲಿ ಎಂದು ಇತಿಹಾಸಕಾರ ಲಿವಿ ಬರೆಯುತ್ತಾನೆ. ಯುದ್ಧ ನಡೆಯುತ್ತಿದ್ದದ್ದು ಬೇಸಿಗೆಯಲ್ಲಿ, ಹೊಲ ಆಳನ್ನು ಬೇಡುವ ಹೊತ್ತಿನಲ್ಲೇ. ಈಕ್ವಿ, ವೋಲ್ಸಿ, ಸಬೈನ್ ಮುಂತಾದ ನೆರೆಯವರು ದಾಳಿಯಿಟ್ಟರೆ ಬೆಳೆ ಸುಟ್ಟುಹೋಗುತ್ತಿತ್ತು, ದನಕರು ಹೋಗುತ್ತಿದ್ದವು. ಇದರ ಮೇಲೆ ಯುದ್ಧದ ತೆರಿಗೆ. ಬಿತ್ತನೆಗೆ ಕಾಳಿಲ್ಲದ ರೈತ ನೆರೆಯ ದೊಡ್ಡ ಹಿಡುವಳಿದಾರನ ಬಾಗಿಲಿಗೆ ಹೋಗುತ್ತಿದ್ದ.

ರೋಮಿನಲ್ಲಿ ಆಗ ನಾಣ್ಯಗಳಿರಲಿಲ್ಲ. ಕಂಚನ್ನು ತೂಕ ಮಾಡಿ ಕೊಡುತ್ತಿದ್ದರು. ಐವರು ಸಾಕ್ಷಿಗಳು, ತಕ್ಕಡಿ ಹಿಡಿದ ಒಬ್ಬನು, ಅವರ ಮುಂದೆ ನಿಗದಿತ ಮಾತುಗಳನ್ನು ಆಡಿ ಮಾಡಿಕೊಳ್ಳುವ ಈ ಬಗೆಯ ಕರಾರಿಗೆ ನೆಕ್ಸಮ್ ಎಂದು ಹೆಸರು. ಅದರಲ್ಲಿ ಸಾಲಗಾರ ಹೊಲವನ್ನಲ್ಲ, ತನ್ನ ದೇಹವನ್ನೇ ಅಡವಿಡುತ್ತಿದ್ದ. ತೀರಿಸಲಾಗದಿದ್ದರೆ ಸಾಲ ಕೊಟ್ಟವನ ಮನೆಯಲ್ಲಿ ಜೀತಕ್ಕೆ ನಿಲ್ಲಬೇಕು. ಹೆಸರಿಗೆ ಅವನು ನಾಗರಿಕ, ಗುಲಾಮನಲ್ಲ. ಆದರೆ ಕಾಲಿಗೆ ಸರಪಳಿ ಬೀಳಬಹುದಿತ್ತು, ಬೆನ್ನಿಗೆ ಬಾರುಕೋಲು ಬೀಳಬಹುದಿತ್ತು.

ಕ್ರಿ.ಪೂ. 495ರದ್ದೆಂದು ಲಿವಿ ಹೇಳುವ ಒಂದು ಪ್ರಸಂಗ ಇಡೀ ವ್ಯವಸ್ಥೆಯನ್ನು ಕಣ್ಣಮುಂದೆ ನಿಲ್ಲಿಸುತ್ತದೆ. ನಗರದ ಚೌಕಕ್ಕೆ ಒಬ್ಬ ಮುದುಕ ಓಡಿಬರುತ್ತಾನೆ. ಬಟ್ಟೆ ಕೊಳಕು, ಗಡ್ಡ ಬೆಳೆದಿದೆ, ಮೈಯಲ್ಲಿ ರಕ್ತವಿಲ್ಲ. ಜನ ಗುರುತು ಹಿಡಿಯುತ್ತಾರೆ: ಸೇನೆಯಲ್ಲಿ ತುಕಡಿ ನಡೆಸಿದವನು. ಎದೆಯ ಮೇಲೆ ಯುದ್ಧದ ಗಾಯದ ಗುರುತುಗಳಿವೆ. ತಾನು ಸಬೈನರೊಂದಿಗೆ ಹೋರಾಡುತ್ತಿದ್ದಾಗ ಮನೆ ಸುಟ್ಟಿತು, ದನ ಹೋಯಿತು, ತೆರಿಗೆ ಕಟ್ಟಲು ಸಾಲ ಮಾಡಿದೆ, ಬಡ್ಡಿ ಬೆಳೆಯಿತು, ಅಜ್ಜನ ಕಾಲದ ಹೊಲ ಹೋಯಿತು, ಕೊನೆಗೆ ಸಾಲ ಕೊಟ್ಟವನು ತನ್ನನ್ನೇ ಎಳೆದೊಯ್ದ ಎಂದು ಅವನು ಹೇಳುತ್ತಾನೆ. ಹೇಳಿ ಬೆನ್ನು ತೋರಿಸುತ್ತಾನೆ. ಅಲ್ಲಿ ಹೊಸ ಬಾಸುಂಡೆಗಳಿವೆ.

ಲಿವಿ ಈ ಘಟನೆಗಳಿಗೆ ಸುಮಾರು ಐದು ಶತಮಾನ ನಂತರ ಬರೆದವನು. ಇಂಥ ಪ್ರಸಂಗಗಳಲ್ಲಿ ಕಟ್ಟುಕಥೆಯ ಬಣ್ಣ ಸೇರಿದೆ ಎಂಬುದನ್ನು ಇಂದಿನ ಇತಿಹಾಸಕಾರರು ಒಪ್ಪುತ್ತಾರೆ. ಆದರೆ ಸಾಲದ ಜೀತ ಕಟ್ಟುಕಥೆಯಲ್ಲ. ಅದನ್ನು ನಿಯಂತ್ರಿಸಿದ ಕಾನೂನುಗಳೂ, ಮುಂದೆ ರದ್ದುಪಡಿಸಿದ ಕಾನೂನೂ ರೋಮನ್ನರ ನೆನಪಿನಲ್ಲಿ ಗಟ್ಟಿಯಾಗಿ ಉಳಿದಿವೆ.

ಸೈನಿಕರು ನಗರ ಬಿಟ್ಟು ಹೊರಟಾಗ

ಮುದುಕನ ಪ್ರಸಂಗ ಗಲಭೆ ಎಬ್ಬಿಸಿದ ಹೊತ್ತಿಗೇ ವೋಲ್ಸಿ ಸೇನೆ ಬರುತ್ತಿದೆ ಎಂಬ ಸುದ್ದಿ ಬಂತು. ಪ್ಲೆಬಿಯನ್ನರು ಸೇನೆಗೆ ಹೆಸರು ಕೊಡಲು ನಿರಾಕರಿಸಿದರು. ಕಾನ್ಸಲ್ ಸರ್ವಿಲಿಯಸ್ ಮಾತು ಕೊಟ್ಟ: ಸೇನೆಗೆ ಸೇರಬಯಸುವವನನ್ನು ಯಾರೂ ಸಾಲಕ್ಕಾಗಿ ಕಟ್ಟಿಹಾಕುವಂತಿಲ್ಲ, ರಣರಂಗದಲ್ಲಿರುವವನ ಆಸ್ತಿಯನ್ನು ಮುಟ್ಟುವಂತಿಲ್ಲ. ಜನ ಹೋದರು, ಗೆದ್ದರು, ಮರಳಿದರು. ಇನ್ನೊಬ್ಬ ಕಾನ್ಸಲ್ ಅಪ್ಪಿಯಸ್ ಕ್ಲಾಡಿಯಸ್ ಸಾಲಗಾರರನ್ನು ಮತ್ತೆ ಸಾಲ ಕೊಟ್ಟವರ ಕೈಗೆ ಒಪ್ಪಿಸಿದ. ಮರುವರ್ಷ ಮತ್ತೆ ಯುದ್ಧ, ಮತ್ತೆ ಭರವಸೆ. ಈ ಸಲ ಅದನ್ನು ಕೊಟ್ಟವನು ಸರ್ವಾಧಿಕಾರಿ (ತುರ್ತಿನಲ್ಲಿ ಅಲ್ಪಕಾಲಕ್ಕೆ ನೇಮಕವಾಗುವ ಅಧಿಕಾರಿ) ವ್ಯಾಲೇರಿಯಸ್. ಅವನು ಪ್ರಾಮಾಣಿಕನಾಗಿದ್ದ, ಆದರೆ ಗೆದ್ದು ಬಂದ ಮೇಲೆ ಹಿರಿಯರ ಸಭೆಯಾದ ಸೆನೆಟ್ ಅವನ ಪ್ರಸ್ತಾವವನ್ನು ತಳ್ಳಿಹಾಕಿತು. ಅವನು ಪದವಿ ತೊರೆದ.

ಆಗ, ಕ್ರಿ.ಪೂ. 494ರಲ್ಲಿ, ಪ್ಲೆಬಿಯನ್ ಸೈನಿಕರು ಯಾರನ್ನೂ ಕೊಲ್ಲಲಿಲ್ಲ, ಯಾವ ಮನೆಗೂ ಬೆಂಕಿ ಇಡಲಿಲ್ಲ. ಆನಿಯೊ ನದಿ ದಾಟಿ, ನಗರದಿಂದ ಮೂರು ಮೈಲಿ ದೂರದ ಪವಿತ್ರ ಗುಡ್ಡ ಎಂಬಲ್ಲಿ ಬೀಡುಬಿಟ್ಟು ಸುಮ್ಮನೆ ಕುಳಿತರು. ಅವೆಂಟೈನ್ ಗುಡ್ಡಕ್ಕೆ ಹೋದರು ಎನ್ನುವ ಇನ್ನೊಂದು ಪಾಠವೂ ಇದೆ. ಈ ಬಗೆಯ ಸಾಮೂಹಿಕ ನಿರ್ಗಮನ ರೋಮಿನ ಇತಿಹಾಸದಲ್ಲಿ ಮತ್ತೆ ಮತ್ತೆ ಬರುತ್ತದೆ. ಅದರ ಬಲ ಎಲ್ಲಿತ್ತೆಂದರೆ, ಪೆಟ್ರೀಶಿಯನ್ನರ ಬಳಿ ಪದವಿ, ಪುರೋಹಿತಿಕೆ, ಕಾನೂನು ಎಲ್ಲ ಇದ್ದವು. ಕೋಟೆ ಕಾಯಲು ಬೇಕಾದಷ್ಟು ಮಂದಿ ಮಾತ್ರ ಇರಲಿಲ್ಲ. ಸುತ್ತ ಶತ್ರುಗಳಿದ್ದ ಊರಿನಲ್ಲಿ ಸೇನೆಯೇ ಎದ್ದು ಹೋದರೆ ಸೆನೆಟ್ ಎಷ್ಟು ದಿನ ತಡೆದುಕೊಂಡೀತು?

ಮಾತುಕತೆಗೆ ಬಂದ ಮೆನೆನಿಯಸ್ ಅಗ್ರಿಪ್ಪ ಒಂದು ಕಥೆ ಹೇಳಿದನಂತೆ. ದೇಹದ ಅಂಗಗಳೆಲ್ಲ ಹೊಟ್ಟೆಯ ಮೇಲೆ ಮುನಿಸಿಕೊಂಡವು: ನಾವು ದುಡಿಯುತ್ತೇವೆ, ಅದು ಕುಳಿತು ಉಣ್ಣುತ್ತದೆ. ಕೈ ತುತ್ತು ಎತ್ತಲಿಲ್ಲ, ಬಾಯಿ ತೆರೆಯಲಿಲ್ಲ, ಹಲ್ಲು ಅಗಿಯಲಿಲ್ಲ. ಕೊನೆಗೆ ಇಡೀ ದೇಹವೇ ಸೊರಗಿತು. ಹೊಟ್ಟೆಯೇ ಎಲ್ಲ ಅಂಗಗಳಿಗೆ ರಕ್ತ ಹಂಚುತ್ತಿತ್ತೆಂದು ಆಗ ತಿಳಿಯಿತು. ಈ ಕಥೆ ಕೇಳಿ ಜನ ಮನಸ್ಸು ಬದಲಿಸಿದರು ಎಂದು ಲಿವಿ ಬರೆಯುತ್ತಾನೆ. ನನಗೆ ಹಾಗೆ ಅನ್ನಿಸುವುದಿಲ್ಲ. ಇದು ಉಣ್ಣುವವರ ಪರವಾದ ಕಥೆ. ಬೆನ್ನಿಗೆ ಬಾರುಕೋಲಿನ ಏಟು ತಿಂದವನು ಇದರಿಂದ ಸಮಾಧಾನಗೊಳ್ಳಲು ಕಾರಣವೇ ಇಲ್ಲ. ಜನ ಮರಳಿದ್ದು ಕೈಗೆ ಒಂದು ಆಯುಧ ಸಿಕ್ಕ ಮೇಲೆ.

ಟ್ರಿಬ್ಯೂನ್: ತಡೆಯುವ ಅಧಿಕಾರ

ಆ ಆಯುಧವೇ ಪ್ಲೆಬಿಯನ್ನರ ಟ್ರಿಬ್ಯೂನ್ ಎಂಬ ಹುದ್ದೆ. ಪೆಟ್ರೀಶಿಯನ್ ಈ ಹುದ್ದೆಗೆ ಬರುವಂತಿರಲಿಲ್ಲ. ಮೊದಲಿಗೆ ಇಬ್ಬರಿದ್ದರು, ಕ್ರಿ.ಪೂ. 457ರ ಹೊತ್ತಿಗೆ ಸಂಖ್ಯೆ ಹತ್ತಕ್ಕೇರಿತು. ಟ್ರಿಬ್ಯೂನ್ ಸೇನೆ ನಡೆಸುವವನಲ್ಲ, ಅವನ ಮುಂದೆ ಲಿಕ್ಟರ್‌ಗಳು ನಡೆಯುತ್ತಿರಲಿಲ್ಲ. ಅವನು ಮಾಡಬಹುದಾದದ್ದು ಒಂದೇ: ಅಡ್ಡ ನಿಲ್ಲುವುದು. ಕಾನ್ಸಲ್‌ನ ಭಟ ಒಬ್ಬ ಪ್ಲೆಬಿಯನ್‌ನನ್ನು ಎಳೆದೊಯ್ಯುತ್ತಿದ್ದರೆ, ಟ್ರಿಬ್ಯೂನ್ ನಡುವೆ ಬಂದು ಬೇಡ ಎಂದರೆ ಬಿಡಬೇಕು. ಕಾಲಕ್ರಮದಲ್ಲಿ ಈ ತಡೆ ಸೆನೆಟ್ಟಿನ ನಿರ್ಣಯಗಳಿಗೂ, ಮಸೂದೆಗಳಿಗೂ, ಚುನಾವಣೆಗಳಿಗೂ ವಿಸ್ತರಿಸಿತು. ಇಂದು ವಿಶ್ವಸಂಸ್ಥೆಯಲ್ಲಿ ಬಲಾಢ್ಯ ರಾಷ್ಟ್ರಗಳು ಚಲಾಯಿಸುವ ವೀಟೋ ಬಲವಿಲ್ಲದವರ ರಕ್ಷಣೆಗೆಂದು ಹುಟ್ಟಿದ ಈ ಅಧಿಕಾರದ ಹೆಸರನ್ನೇ ಹೊತ್ತಿದೆ.

ತಡೆದವನನ್ನೇ ಹೊಡೆದು ಹಾಕಿದರೆ? ಅದಕ್ಕೆ ಪ್ಲೆಬಿಯನ್ನರು ಒಟ್ಟಾಗಿ ಪ್ರಮಾಣ ಮಾಡಿದರು: ಟ್ರಿಬ್ಯೂನ್‌ನ ಮೈಮುಟ್ಟಿದವನು ದೇವರಿಗೆ ಒಪ್ಪಿಸಲ್ಪಟ್ಟವನು, ಅವನನ್ನು ಯಾರು ಕೊಂದರೂ ಅಪರಾಧವಲ್ಲ. ಪೆಟ್ರೀಶಿಯನ್ನರ ಅಧಿಕಾರ ಹಕ್ಕಿಶಕುನದ ಮೇಲೆ ನಿಂತಿದ್ದರೆ, ಟ್ರಿಬ್ಯೂನ್‌ನ ಅಧಿಕಾರ ಸಾವಿರಾರು ಜನರ ಈ ಆಣೆಯ ಮೇಲೆ ನಿಂತಿತ್ತು. ಅವನ ಮನೆಯ ಬಾಗಿಲು ಹಗಲೂ ರಾತ್ರಿಯೂ ತೆರೆದಿರಬೇಕು, ಅವನು ರಾತ್ರಿ ನಗರದ ಹೊರಗೆ ತಂಗುವಂತಿಲ್ಲ ಎಂಬ ನಿಯಮಗಳೂ ಇದ್ದವು. ಎಲ್ಲಿ ದೌರ್ಜನ್ಯ ನಡೆಯುತ್ತದೋ ಅಲ್ಲಿಗೆ ಅವನು ನಡೆದುಕೊಂಡು ತಲುಪುವಂತಿರಬೇಕಿತ್ತು. ನಗರದ ಮೊದಲ ಮೈಲುಗಲ್ಲಿನಾಚೆ, ಸೇನೆಯ ಶಿಬಿರದಲ್ಲಿ, ಅವನ ತಡೆ ನಡೆಯುತ್ತಿರಲಿಲ್ಲ.

ಇದರೊಂದಿಗೆ ಪ್ಲೆಬಿಯನ್ನರು ನಗರದೊಳಗೇ ಇನ್ನೊಂದು ನಗರ ಕಟ್ಟಿಕೊಂಡಂತಾಯಿತು. ಅವೆಂಟೈನ್ ಗುಡ್ಡದ ಬಳಿ ಧಾನ್ಯದೇವತೆ ಸೆರೆಸ್‌ಳ ದೇಗುಲ ಕ್ರಿ.ಪೂ. 493ರಲ್ಲಿ ಪ್ರತಿಷ್ಠೆಗೊಂಡು ಅವರ ಕೇಂದ್ರವಾಯಿತು. ಅದನ್ನು ನೋಡಿಕೊಳ್ಳಲು ಈಡೈಲ್ ಎಂಬ ಅಧಿಕಾರಿಗಳು ಬಂದರು. ಕ್ರಿ.ಪೂ. 471ರಿಂದ ಟ್ರಿಬ್ಯೂನ್‌ರ ಆಯ್ಕೆ ಪ್ಲೆಬಿಯನ್ನರ ಪ್ರತ್ಯೇಕ ಸಭೆಯಲ್ಲಿ ನಡೆಯಿತು. ಇಲ್ಲಿ ಮತಗಳ ಎಣಿಕೆ ಆಸ್ತಿಯ ಪ್ರಕಾರವಲ್ಲ, ವಾಸಸ್ಥಳದ ವಿಭಾಗಗಳ ಪ್ರಕಾರ. ಆದರೆ ಈ ಸಭೆಯ ತೀರ್ಮಾನಗಳು ತಮ್ಮನ್ನು ಕಟ್ಟುವುದಿಲ್ಲ ಎಂದು ಪೆಟ್ರೀಶಿಯನ್ನರು ಬಹುಕಾಲ ಹೇಳುತ್ತಲೇ ಬಂದರು.

ಬರೆದಿಟ್ಟ ಕಾನೂನು

ಕಾನೂನು ಏನು ಹೇಳುತ್ತದೆಂದು ತಿಳಿದಿದ್ದವರು ಪುರೋಹಿತರು. ಪುರೋಹಿತರು ಪೆಟ್ರೀಶಿಯನ್ನರು. ನ್ಯಾಯ ಹೇಳುತ್ತಿದ್ದವರೂ ಪೆಟ್ರೀಶಿಯನ್ನರೇ. ಬಡವನಿಗೆ ತಾನು ಯಾವ ನಿಯಮ ಮುರಿದೆ ಎಂಬುದು ಶಿಕ್ಷೆಯಾದ ಮೇಲೆ ತಿಳಿಯುತ್ತಿತ್ತು. ಕಾನೂನನ್ನು ಬರೆದು ಎಲ್ಲರ ಕಣ್ಣಿಗೆ ಬೀಳುವಂತೆ ಇಡಬೇಕೆಂಬ ಒತ್ತಾಯ ಹತ್ತು ವರ್ಷ ನಡೆದು, ಕ್ರಿ.ಪೂ. 451ರಲ್ಲಿ ಹತ್ತು ಮಂದಿಯ ಸಮಿತಿ ನೇಮಕವಾಯಿತು. ಹನ್ನೆರಡು ಫಲಕಗಳ ಕಾನೂನು ಹುಟ್ಟಿದ್ದು ಹೀಗೆ. ಸುಮಾರು ಮುನ್ನೂರೈವತ್ತು ವರ್ಷ ಕಳೆದ ಮೇಲೂ ವಾಗ್ಮಿ ಸಿಸೆರೊನಂಥವರು ಬಾಲ್ಯದಲ್ಲಿ ಅದನ್ನು ಬಾಯಿಪಾಠ ಮಾಡುತ್ತಿದ್ದರು.

ಬರೆದ ಮಾತ್ರಕ್ಕೆ ಕಾನೂನು ಮೃದುವಾಗಲಿಲ್ಲ. ಸಾಲದ ತೀರ್ಪಾದ ಮೇಲೆ ಮೂವತ್ತು ದಿನ ಗಡುವು. ತೀರಿಸದಿದ್ದರೆ ಸಾಲ ಕೊಟ್ಟವನು ಅವನನ್ನು ಅರವತ್ತು ದಿನ ಕಟ್ಟಿಡಬಹುದು, ದಿನಕ್ಕೆ ಒಂದು ಪೌಂಡ್ ಧಾನ್ಯವನ್ನಾದರೂ ಕೊಡಬೇಕು. ಮೂರು ಸಂತೆಗಳಲ್ಲಿ ಅವನನ್ನು ಜನರ ಮುಂದೆ ನಿಲ್ಲಿಸಿ, ಬಿಡಿಸಿಕೊಳ್ಳುವವರು ಬಾರದಿದ್ದರೆ ಟೈಬರ್ ನದಿಯಾಚೆ ಗುಲಾಮನಾಗಿ ಮಾರಬಹುದು ಅಥವಾ ಕೊಲ್ಲಬಹುದು. ಇಷ್ಟು ಕ್ರೂರವಾದದ್ದನ್ನು ಗೆಲುವೆಂದು ಏಕೆ ಕರೆಯಬೇಕು? ಮೂವತ್ತು ದಿನ ಎಂದು ಬರೆದ ಮೇಲೆ ಇಪ್ಪತ್ತನೆಯ ದಿನ ಎಳೆದೊಯ್ಯುವಂತಿಲ್ಲ, ಅದಕ್ಕಾಗಿ. ಟ್ರಿಬ್ಯೂನ್ ಅಡ್ಡ ನಿಂತು ಬೆರಳಿಟ್ಟು ತೋರಿಸಬಲ್ಲ ಒಂದು ಸಾಲು ಈಗ ಎಲ್ಲರ ಎದುರಿಗಿತ್ತು.

ಕೊನೆಯ ಫಲಕಗಳಲ್ಲಿ ಪೆಟ್ರೀಶಿಯನ್ನರಿಗೂ ಪ್ಲೆಬಿಯನ್ನರಿಗೂ ಮದುವೆ ನಿಷೇಧಿಸುವ ನಿಯಮ ಸೇರಿತು. ರಕ್ತ ಬೆರೆತರೆ ಶಕುನ ನೋಡುವ ಹಕ್ಕು ಕೆಡುತ್ತದೆ ಎಂಬುದು ಸಮರ್ಥನೆ. ಕೆಲವೇ ವರ್ಷಗಳಲ್ಲಿ, ಕ್ರಿ.ಪೂ. 445ರಲ್ಲಿ, ಟ್ರಿಬ್ಯೂನ್ ಕ್ಯಾನುಲಿಯಸ್ ಆ ನಿಷೇಧವನ್ನು ತೆಗೆಸಿದ. ಈ ಗೆಲುವಿನ ಲಾಭ ಪಡೆದವರು ಯಾರೆಂದು ನೋಡಿ: ಪೆಟ್ರೀಶಿಯನ್ ಮನೆಗೆ ಹೆಣ್ಣು ಕೊಟ್ಟು ತರುವ ಅಂತಸ್ತು ಇದ್ದ ಶ್ರೀಮಂತ ಪ್ಲೆಬಿಯನ್ನರು.

ಬಡವರ ಪರ ನಿಂತ ಮೇಲಿನವರಿಗೆ ಏನಾಯಿತು

ಇಲ್ಲಿ ನಾಯಕತ್ವದ ಪ್ರಶ್ನೆ ಬರುತ್ತದೆ. ಟ್ರಿಬ್ಯೂನ್‌ರಲ್ಲದವರು, ದೊಡ್ಡವರ ನಡುವಿನಿಂದಲೇ ಬಂದವರು, ಬಡವರಿಗಾಗಿ ಕೈ ಎತ್ತಿದಾಗ ರೋಮ್ ಅವರನ್ನು ಹೇಗೆ ನಡೆಸಿಕೊಂಡಿತು ಎಂಬುದಕ್ಕೆ ಮೂವರ ಕಥೆಗಳಿವೆ.

ಸ್ಪೂರಿಯಸ್ ಕ್ಯಾಸಿಯಸ್ ಮೂರು ಬಾರಿ ಕಾನ್ಸಲ್ ಆದವನು. ಯುದ್ಧದಲ್ಲಿ ಸಿಕ್ಕ ಭೂಮಿಯನ್ನು ಹಂಚಬೇಕೆಂದು ಕ್ರಿ.ಪೂ. 486ರಲ್ಲಿ ಮಸೂದೆ ತಂದ. ಪದವಿಯ ಅವಧಿ ಮುಗಿದ ಕೂಡಲೇ ಅವನನ್ನು ವಿಚಾರಿಸಿ ಕೊಂದರು. ಸ್ಪೂರಿಯಸ್ ಮೇಲಿಯಸ್ ಶ್ರೀಮಂತ ಪ್ಲೆಬಿಯನ್, ಕ್ರಿ.ಪೂ. 440ರ ಸುಮಾರಿನ ಬರಗಾಲದಲ್ಲಿ ಸ್ವಂತ ಹಣದಿಂದ ಧಾನ್ಯ ಕೊಂಡು ಹಂಚಿದ. ಅವನನ್ನು ಸರ್ವಿಲಿಯಸ್ ಅಹಾಲ ಎಂಬವನು ಕೊಂದ. ಮಾರ್ಕಸ್ ಮ್ಯಾನ್ಲಿಯಸ್ ಪೆಟ್ರೀಶಿಯನ್. ಉತ್ತರದಿಂದ ಬಂದ ಗಾಲ್ ಬುಡಕಟ್ಟಿನವರ ದಾಳಿಯಲ್ಲಿ ಕ್ಯಾಪಿಟೋಲ್ ಗುಡ್ಡವನ್ನು ಉಳಿಸಿದ ವೀರ. ಸಾಲಕ್ಕಾಗಿ ಎಳೆದೊಯ್ಯಲ್ಪಡುತ್ತಿದ್ದ ಸೈನಿಕರ ಸಾಲವನ್ನು ತನ್ನ ಕೈಯಿಂದ ತೀರಿಸಿದ. ಕ್ರಿ.ಪೂ. 384ರಲ್ಲಿ ಅವನನ್ನು ಟಾರ್ಪಿಯನ್ ಬಂಡೆಯಿಂದ ಕೆಳಗೆ ತಳ್ಳಿದರು.

ಮೂವರ ಮೇಲೂ ಒಂದೇ ಆರೋಪ: ರಾಜನಾಗಲು ಹೊರಟಿದ್ದಾನೆ. ಮೂರು ಕಥೆಗಳೂ ನಂತರದ ಕಾಲದಲ್ಲಿ ಒಂದೇ ಅಚ್ಚಿಗೆ ಬಂದಿವೆ ಎಂಬುದು ನಿಜ, ವಿವರಗಳನ್ನೆಲ್ಲ ನಂಬಬೇಕಿಲ್ಲ. ಆದರೆ ಅಚ್ಚು ತಾನೇ ಒಂದು ಸಾಕ್ಷಿ. ರಾಜನನ್ನು ಓಡಿಸಿದ ಊರಿನಲ್ಲಿ ಇದಕ್ಕಿಂತ ಭಯಂಕರ ಆಪಾದನೆ ಇರಲಿಲ್ಲ. ಬಡವರಿಗೆ ಅನ್ನ ಅಥವಾ ಭೂಮಿ ಕೊಟ್ಟು ಜನಪ್ರಿಯನಾಗುವವನ ಬಾಯಿ ಮುಚ್ಚಿಸಲು ಆ ಒಂದು ಮಾತು ಸಾಕಾಗುತ್ತಿತ್ತು. ಹಾಗಾಗಿ ಬಾಳಿದ ಬದಲಾವಣೆ ಬಂದದ್ದು ಒಂಟಿ ಉದಾರಿಗಳಿಂದಲ್ಲ. ಜನರ ಆಣೆಯ ರಕ್ಷಣೆ ಇದ್ದ, ಹುದ್ದೆಯ ಬಲ ಇದ್ದ ಟ್ರಿಬ್ಯೂನ್‌ರಿಂದ.

ಲಿಸಿನಿಯಸ್ ಮತ್ತು ಸೆಕ್ಸ್ಟಿಯಸ್: ಮೂರೂ ಬೇಕು, ಇಲ್ಲವೇ ಒಂದೂ ಬೇಡ

ಕ್ರಿ.ಪೂ. 390ರದ್ದೆಂದು ರೋಮನ್ನರು ಎಣಿಸಿದ ಗಾಲರ ದಾಳಿ ನಗರವನ್ನು ಸೂರೆಮಾಡಿತು. ಮನೆಗಳನ್ನು ಮತ್ತೆ ಕಟ್ಟಲು ಜನ ಮತ್ತೆ ಸಾಲಕ್ಕೆ ಬಿದ್ದರು. ಅತ್ತ ಕ್ರಿ.ಪೂ. 396ರಲ್ಲಿ ಗೆದ್ದ ವೇಯಿ ಎಂಬ ಶ್ರೀಮಂತ ಎಟ್ರುಸ್ಕನ್ ನಗರದ ಭೂಮಿ ರೋಮಿನ ಪಾಲಾಗಿತ್ತು. ಅದರಲ್ಲಿ ಪ್ಲೆಬಿಯನ್ ಕುಟುಂಬಗಳಿಗೆ ತಲಾ ಏಳು ಯೂಗೆರಾ, ಅಂದರೆ ಸುಮಾರು ನಾಲ್ಕೂವರೆ ಎಕರೆ ಹಂಚಿಕೆಯಾಯಿತು ಎಂದು ಲಿವಿ ಹೇಳುತ್ತಾನೆ. ಯುದ್ಧದಲ್ಲಿ ಗೆದ್ದ ಭೂಮಿಯಲ್ಲಿ ಹಂಚದೆ ಉಳಿದದ್ದು ಸರ್ಕಾರಿ ಭೂಮಿ. ಅದನ್ನು ಯಾರು ಉಳುಮೆ ಮಾಡಿಸಬಲ್ಲರೋ, ಯಾರ ಬಳಿ ಎತ್ತು, ಆಳು, ಬಲ ಇದೆಯೋ ಅವರು ಹಿಡಿದುಕೊಳ್ಳುತ್ತಿದ್ದರು.

ಈ ಹೊತ್ತಿನಲ್ಲಿ ಟ್ರಿಬ್ಯೂನ್‌ರಾಗಿ ಬಂದವರು ಗೇಯಸ್ ಲಿಸಿನಿಯಸ್ ಸ್ಟೋಲೊ ಮತ್ತು ಲೂಸಿಯಸ್ ಸೆಕ್ಸ್ಟಿಯಸ್. ಲಿಸಿನಿಯಸ್ ಬಡವನಲ್ಲ, ಪೆಟ್ರೀಶಿಯನ್ ಫೇಬಿಯಸ್ ಮನೆತನದ ಅಳಿಯ. ಅವನ ಹೆಂಡತಿ ಒಮ್ಮೆ ಅಕ್ಕನ ಮನೆಯಲ್ಲಿದ್ದಾಗ, ಉನ್ನತ ಅಧಿಕಾರಿಯಾಗಿದ್ದ ಅಕ್ಕನ ಗಂಡ ಮನೆಗೆ ಬಂದ. ಲಿಕ್ಟರ್ ಬಾಗಿಲು ಬಡಿದ ಸದ್ದಿಗೆ ಅವಳು ಬೆಚ್ಚಿದಳು, ಅಕ್ಕ ನಕ್ಕಳು, ಆ ಅವಮಾನವೇ ಇಡೀ ಹೋರಾಟಕ್ಕೆ ಕಾರಣವಾಯಿತು ಎಂದು ಒಂದು ಕಥೆ ಇದೆ. ಅವಳ ತಂದೆಯೇ ಉನ್ನತ ಪದವಿಯಲ್ಲಿದ್ದವನು, ಲಿಕ್ಟರ್ ಸದ್ದು ಅವಳಿಗೆ ಹೊಸದಾಗಿರಲು ಸಾಧ್ಯವಿಲ್ಲ. ಸಾಲದಲ್ಲಿ ಬೇಯುತ್ತಿದ್ದ ಜನರ ಚಳವಳಿಯನ್ನು ಹೆಣ್ಣಿನ ಅಸೂಯೆಗೆ ಇಳಿಸುವ ಈ ಕಥೆ ಚಳವಳಿಗೂ ಆ ಹೆಣ್ಣಿಗೂ ಮಾಡುವ ಅನ್ಯಾಯ.

ಮಸೂದೆಗಳು ಮೂರು. ಒಂದು, ಕಟ್ಟಿದ ಬಡ್ಡಿಯನ್ನು ಅಸಲಿನಲ್ಲಿ ಕಳೆದು ಉಳಿದದ್ದನ್ನು ಮೂರು ವರ್ಷದ ಸಮಾನ ಕಂತುಗಳಲ್ಲಿ ತೀರಿಸುವುದು. ಎರಡು, ಯಾರೂ 500 ಯೂಗೆರಾ, ಅಂದರೆ ಸುಮಾರು 310 ಎಕರೆಗಿಂತ ಹೆಚ್ಚು ಭೂಮಿ ಹಿಡಿಯಬಾರದು. ಮೂರು, ಇಬ್ಬರು ಕಾನ್ಸಲ್‌ಗಳಲ್ಲಿ ಒಬ್ಬ ಪ್ಲೆಬಿಯನ್ ಆಗಿರಲೇಬೇಕು. ಭೂಮಿತಿಯ ಈ ಅಂಕಿ ನಂತರದ ಕಾಲದ್ದಿರಬಹುದು ಎಂಬ ವಾದವಿದ್ದರೂ ಮಿತಿಯ ಬೇಡಿಕೆ ಇತ್ತೆಂಬುದರಲ್ಲಿ ಹೆಚ್ಚಿನ ಅನುಮಾನವಿಲ್ಲ.

ಪೆಟ್ರೀಶಿಯನ್ನರು ಪ್ಲೆಬಿಯನ್ನರ ಆಯುಧವನ್ನೇ ತಿರುಗಿಸಿದರು. ಉಳಿದ ಟ್ರಿಬ್ಯೂನ್‌ರನ್ನು ಒಲಿಸಿಕೊಂಡು ಮಸೂದೆಗೆ ತಡೆ ಹಾಕಿಸಿದರು. ಅದಕ್ಕೆ ಉತ್ತರವಾಗಿ ಲಿಸಿನಿಯಸ್ ಮತ್ತು ಸೆಕ್ಸ್ಟಿಯಸ್ ಉನ್ನತ ಪದವಿಗಳ ಚುನಾವಣೆಯನ್ನೇ ತಡೆದರು. ಲಿವಿಯ ಪ್ರಕಾರ ಐದು ವರ್ಷ ಆ ಪದವಿಗಳು ಖಾಲಿ ಇದ್ದವು. ಜನ ಈ ಇಬ್ಬರನ್ನೂ ಹತ್ತು ಬಾರಿ ಟ್ರಿಬ್ಯೂನ್‌ರಾಗಿ ಆರಿಸಿದರು.

ಈ ಹತ್ತು ವರ್ಷಗಳಲ್ಲಿ ಒಂದು ಕ್ಷಣ ಬಹಳ ಮುಖ್ಯವಾದದ್ದು. ಸಾಮಾನ್ಯ ಪ್ಲೆಬಿಯನ್ನರು ಸಾಲ ಮತ್ತು ಭೂಮಿಯ ಮಸೂದೆಗಳನ್ನು ಒಪ್ಪಿ, ಕಾನ್ಸಲ್ ಪದವಿಯ ಮಸೂದೆಯನ್ನು ಬಿಡಲು ಸಿದ್ಧರಿದ್ದರು. ಅವರಿಗೆ ಬೇಕಾದದ್ದು ಅನ್ನ ಮತ್ತು ಬಿಡುಗಡೆ. ಯಾವ ಶ್ರೀಮಂತ ಕಾನ್ಸಲ್ ಆದರೂ ಅವರ ಹೊಲಕ್ಕೆ ಮಳೆ ಹೆಚ್ಚು ಬೀಳುತ್ತಿರಲಿಲ್ಲ. ಇಬ್ಬರು ನಾಯಕರು ಒಪ್ಪಲಿಲ್ಲ. ಮೂರನ್ನೂ ಒಟ್ಟಿಗೆ ಅಂಗೀಕರಿಸಿ, ಇಲ್ಲವಾದರೆ ನಾವು ಮತ್ತೆ ಟ್ರಿಬ್ಯೂನ್‌ರಾಗುವುದಿಲ್ಲ ಎಂದರು. ಇದನ್ನು ಬರೀ ಸ್ವಾರ್ಥ ಎಂದು ತಳ್ಳಿಹಾಕುವುದು ಸುಲಭ. ಅವರ ವಾದದಲ್ಲೂ ಹುರುಳಿತ್ತು: ಪದವಿಯಲ್ಲಿ ನಮ್ಮವರಿಲ್ಲದಿದ್ದರೆ ಇಂದು ಬಂದ ಸಾಲದ ಕಾನೂನನ್ನು ನಾಳೆ ಜಾರಿಗೆ ತರುವವರು ಯಾರು? ಬಡವರ ಸಂಖ್ಯೆ ಇಲ್ಲದೆ ಶ್ರೀಮಂತ ಪ್ಲೆಬಿಯನ್‌ಗೆ ಪದವಿ ಸಿಗುತ್ತಿರಲಿಲ್ಲ, ಶ್ರೀಮಂತನ ಬಿಡುವು, ಹಣ, ಮಾತಿನ ಚಾತುರ್ಯ ಇಲ್ಲದೆ ಬಡವನ ಬೇಡಿಕೆ ಸಭೆಯನ್ನೇ ತಲುಪುತ್ತಿರಲಿಲ್ಲ.

ಕ್ರಿ.ಪೂ. 367ರಲ್ಲಿ ಮೂರೂ ಅಂಗೀಕಾರವಾದವು. ಮರುವರ್ಷ ಸೆಕ್ಸ್ಟಿಯಸ್ ಈ ಕಾನೂನಿನಡಿ ಮೊದಲ ಪ್ಲೆಬಿಯನ್ ಕಾನ್ಸಲ್ ಆದ. ಪೆಟ್ರೀಶಿಯನ್ನರಿಗೆ ಸಮಾಧಾನವಾಗಲೆಂದು ನ್ಯಾಯದಾನಕ್ಕೆ ಪ್ರೀಟರ್ ಎಂಬ ಹೊಸ ಪದವಿ ಹುಟ್ಟಿತು, ಅದು ಸದ್ಯಕ್ಕೆ ಅವರಿಗೇ. ಕ್ರಿ.ಪೂ. 357ರಲ್ಲಿ ಒಬ್ಬನಿಗೆ ಭೂಮಿತಿ ಮೀರಿದ್ದಕ್ಕಾಗಿ ಹತ್ತು ಸಾವಿರ ಆಸ್ (ರೋಮನ್ನರ ಕಂಚಿನ ಹಣ) ದಂಡ ಬಿತ್ತು. ಮಗನನ್ನು ಕಾನೂನಿನ ಪ್ರಕಾರ ಸ್ವತಂತ್ರನನ್ನಾಗಿಸಿ, ಇಬ್ಬರ ಹೆಸರಿನಲ್ಲಿ ಒಟ್ಟು 1,000 ಯೂಗೆರಾ ಹಿಡಿದಿದ್ದ. ಅವನು ಲಿಸಿನಿಯಸ್ ಸ್ಟೋಲೊ.

ಜೀತ ಮುಗಿದದ್ದು

ಪದವಿಗಳ ಬಾಗಿಲು ಇದಾದ ಮೇಲೆ ಬೇಗ ಬೇಗ ತೆರೆಯಿತು. ಕ್ರಿ.ಪೂ. 356ರಲ್ಲಿ ಮೊದಲ ಪ್ಲೆಬಿಯನ್ ಸರ್ವಾಧಿಕಾರಿ, 351ರಲ್ಲಿ ಮೊದಲ ಪ್ಲೆಬಿಯನ್ ಸೆನ್ಸರ್ (ನಾಗರಿಕರ ಗಣತಿ, ಆಸ್ತಿ ಲೆಕ್ಕದ ಅಧಿಕಾರಿ), 337ರಲ್ಲಿ ಪ್ರೀಟರ್. ಕ್ರಿ.ಪೂ. 300ರಲ್ಲಿ ಪುರೋಹಿತ ಮಂಡಳಿಗಳಿಗೂ ಪ್ಲೆಬಿಯನ್ನರು ಬಂದರು. ಹಕ್ಕಿಶಕುನ ನಮ್ಮದು ಎಂಬ ಹಳೆಯ ವಾದ ಅಲ್ಲಿಗೆ ಮುಗಿಯಿತು.

ಸಾಲದ ವಿಷಯ ನಿಧಾನವಾಗಿ ನಡೆಯಿತು. ಕ್ರಿ.ಪೂ. 352ರಲ್ಲಿ ಐವರ ಆಯೋಗವೊಂದು ನಗರದ ಚೌಕದಲ್ಲಿ ಮೇಜು ಹಾಕಿ ಕುಳಿತು, ಭದ್ರತೆ ಕೊಡಬಲ್ಲವರಿಗೆ ಸರ್ಕಾರಿ ಖಜಾನೆಯಿಂದ ಹಣ ಕೊಟ್ಟು ಸಾಲ ತೀರಿಸಿತು. ಕ್ರಿ.ಪೂ. 342ರಲ್ಲಿ ಬಡ್ಡಿಯನ್ನೇ ನಿಷೇಧಿಸುವ ಕಾನೂನು ಬಂದು ಆಚರಣೆಯಲ್ಲಿ ನಿಲ್ಲಲಿಲ್ಲ. ಕೊನೆಗೆ ಪಬ್ಲಿಲಿಯಸ್ ಎಂಬ ಯುವಕನ ಪ್ರಕರಣ. ತಂದೆಯ ಸಾಲಕ್ಕೆ ತನ್ನನ್ನು ಜೀತಕ್ಕೆ ಒಪ್ಪಿಸಿಕೊಂಡಿದ್ದ ಅವನ ಮೇಲೆ ಸಾಲ ಕೊಟ್ಟವನು ಕೈಹಾಕಿದ. ಹುಡುಗ ಒಪ್ಪದಿದ್ದಾಗ ಬಟ್ಟೆ ಬಿಚ್ಚಿಸಿ ಹೊಡೆಸಿದ. ಅವನು ಬೀದಿಗೆ ಓಡಿದ, ಜನ ಸೆನೆಟ್ಟಿನ ಬಾಗಿಲಿಗೆ ನುಗ್ಗಿದರು, ಒಳಗೆ ಹೋಗುತ್ತಿದ್ದ ಪ್ರತಿಯೊಬ್ಬ ಸದಸ್ಯನಿಗೂ ಆ ಬೆನ್ನು ತೋರಿಸಿದರು. ಕ್ರಿ.ಪೂ. 326ರ ಪೊಯ್ಟೇಲಿಯನ್ ಕಾನೂನು ಬಂದದ್ದು ಹೀಗೆಂದು ಲಿವಿ ಬರೆಯುತ್ತಾನೆ. ಇನ್ನೊಂದು ಲೆಕ್ಕದಲ್ಲಿ ಅದು ಹದಿಮೂರು ವರ್ಷ ನಂತರದ್ದು. ಸಾಲಕ್ಕೆ ಆಸ್ತಿ ಹೊಣೆ, ದೇಹವಲ್ಲ ಎಂಬುದು ಅದರ ಸಾರ. ರೋಮಿನ ಜನರಿಗೆ ಇದು ಸ್ವಾತಂತ್ರ್ಯದ ಇನ್ನೊಂದು ಆರಂಭದಂತೆ ಇತ್ತು ಎಂಬ ಲಿವಿಯ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಈ ಹೊತ್ತಿಗೆ ಯುದ್ಧಗಳಲ್ಲಿ ಸೆರೆಸಿಕ್ಕ ಗುಲಾಮರು ದೊಡ್ಡ ಹಿಡುವಳಿಗಳಿಗೆ ಹೇರಳವಾಗಿ ಸಿಗತೊಡಗಿದ್ದರು. ನಾಗರಿಕನ ಜೀತ ಇಲ್ಲದೆಯೂ ಹೊಲದ ಕೆಲಸ ನಡೆಯುತ್ತಿತ್ತು ಎಂಬುದೂ ಈ ಕಾನೂನಿನ ಹಿಂದಿನ ಒಂದು ಕಾರಣ.

ಕ್ರಿ.ಪೂ. 287 ಮತ್ತು ಅದರ ಮುಂದೆ

ಸಾಲದ ಒತ್ತಡ ಮತ್ತೆ ಏರಿದಾಗ ಕ್ರಿ.ಪೂ. 287ರ ಸುಮಾರಿಗೆ ಪ್ಲೆಬಿಯನ್ನರು ಕೊನೆಯ ಬಾರಿ ನಗರ ಬಿಟ್ಟು, ಟೈಬರ್‌ನಾಚೆಯ ಜನಿಕ್ಯುಲಮ್ ಗುಡ್ಡಕ್ಕೆ ಹೋದರು. ಸರ್ವಾಧಿಕಾರಿಯಾಗಿ ನೇಮಕವಾದ ಕ್ವಿಂಟಸ್ ಹಾರ್ಟೆನ್ಸಿಯಸ್ ತಂದ ಕಾನೂನಿನಂತೆ, ಪ್ಲೆಬಿಯನ್ ಸಭೆಯ ತೀರ್ಮಾನ ಇನ್ನು ಮುಂದೆ ಪೆಟ್ರೀಶಿಯನ್ನರೂ ಸೇರಿ ಎಲ್ಲ ರೋಮನ್ನರನ್ನೂ ಕಟ್ಟುತ್ತದೆ, ಸೆನೆಟ್ಟಿನ ಒಪ್ಪಿಗೆ ಬೇಕಿಲ್ಲ. ಇತಿಹಾಸದ ಪುಸ್ತಕಗಳು ಸಾಮಾನ್ಯವಾಗಿ ಸಂಘರ್ಷ ಇಲ್ಲಿಗೆ ಮುಗಿಯಿತೆಂದು ಗೆರೆ ಎಳೆಯುತ್ತವೆ.

ಹುಟ್ಟಿನ ಗೋಡೆ ಬಿದ್ದದ್ದು ನಿಜ. ಅದರ ಜಾಗದಲ್ಲಿ ಹೊಸ ಮೇಲ್ವರ್ಗ ಎದ್ದಿತ್ತು. ಯಾರ ವಂಶದಲ್ಲಿ ಒಬ್ಬ ಕಾನ್ಸಲ್ ಆಗಿದ್ದನೋ ಅಂಥ ಪೆಟ್ರೀಶಿಯನ್ ಮತ್ತು ಪ್ಲೆಬಿಯನ್ ಕುಟುಂಬಗಳು ಪರಸ್ಪರ ಮದುವೆ ಮಾಡಿಕೊಂಡು, ಪದವಿಗಳನ್ನು ತಮ್ಮೊಳಗೇ ಹಂಚಿಕೊಂಡವು. ಟ್ರಿಬ್ಯೂನ್ ಹುದ್ದೆ ಮಹತ್ವಾಕಾಂಕ್ಷೆಯ ಯುವಕರಿಗೆ ಮೇಲಿನ ಪದವಿಗಳತ್ತ ಒಂದು ಮೆಟ್ಟಿಲಾಯಿತು. ಸೆನೆಟ್‌ಗೆ ಇಷ್ಟವಿಲ್ಲದ್ದನ್ನು ತಡೆಯಲು ಹತ್ತು ಟ್ರಿಬ್ಯೂನ್‌ರಲ್ಲಿ ಒಬ್ಬನನ್ನು ಒಲಿಸಿಕೊಂಡರೆ ಸಾಕಿತ್ತು.

ಭೂಮಿಯ ಪ್ರಶ್ನೆ ಹಾಗೆಯೇ ಉಳಿಯಿತು. ಕ್ರಿ.ಪೂ. 133ರಲ್ಲಿ ಟಿಬೇರಿಯಸ್ ಗ್ರಾಕಸ್ ಎಂಬ ಟ್ರಿಬ್ಯೂನ್ ಹಳೆಯ 500 ಯೂಗೆರಾ ಮಿತಿಯನ್ನೇ ಮತ್ತೆ ಜಾರಿಗೊಳಿಸಿ, ಹೆಚ್ಚುವರಿ ಸರ್ಕಾರಿ ಭೂಮಿಯನ್ನು ಬಡವರಿಗೆ ಹಂಚಲು ಮಸೂದೆ ತಂದ. ಅದನ್ನು ತಡೆದವನು ಕಾನ್ಸಲ್ ಅಲ್ಲ, ಪೆಟ್ರೀಶಿಯನ್ ಅಲ್ಲ. ಮಾರ್ಕಸ್ ಆಕ್ಟೇವಿಯಸ್ ಎಂಬ ಇನ್ನೊಬ್ಬ ಟ್ರಿಬ್ಯೂನ್. ಟಿಬೇರಿಯಸ್ ಜನರ ಮತದಿಂದ ಅವನನ್ನು ಹುದ್ದೆಯಿಂದ ಇಳಿಸಿ ಕಾನೂನನ್ನು ಅಂಗೀಕರಿಸಿದ. ಅದೇ ವರ್ಷ ಸೆನೆಟ್ಟಿನ ಸದಸ್ಯರೂ ಅವರ ಬೆಂಬಲಿಗರೂ ಮುರಿದ ಬೆಂಚುಗಳ ಕಾಲುಗಳಿಂದ ಹೊಡೆದು ಅವನನ್ನು ಕೊಂದರು. ಟ್ರಿಬ್ಯೂನ್‌ನ ಮೈಮುಟ್ಟಬಾರದೆಂಬ ಆಣೆ ಆಗಲೂ ಕಾನೂನಾಗಿಯೇ ಇತ್ತು.